ಯಾಜಕಕಾಂಡದ ಎರಡು ಅಧ್ಯಾಯಗಳು: ಭಾರತದ ಕುಷ್ಠಸೇವೆಯ ಚರಿತ್ರೆಯಲ್ಲಿ ಮರಳುವಿಕೆಯ ಪ್ರಶ್ನೆ

2001ರಲ್ಲಿ ನಮ್ಮ ಸಂಸತ್ತು 1869ರ ವಿವಾಹ ವಿಚ್ಛೇದನ ಕಾಯಿದೆಯನ್ನು ತಿದ್ದಿತು. ಈ ದೇಶದ ಕ್ರೈಸ್ತ ದಂಪತಿಗಳಿಗೆ ಅನ್ವಯಿಸುವ ಕಾಯಿದೆ ಅದು. ಹಳೆಯ ಕಾಯಿದೆಯಂತೆ ಗಂಡನಾದವನು ವ್ಯಭಿಚಾರವೊಂದನ್ನೇ ಕಾರಣವಾಗಿ ತೋರಿಸಿ ಬಿಡುಗಡೆ ಪಡೆಯಬಹುದಾಗಿತ್ತು; ಹೆಂಡತಿಯಾದರೋ ಅದರೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಾಗಿತ್ತು. ಆ ಅಸಮತೆ ನೀಗಿದ್ದನ್ನು ನಾವೆಲ್ಲ ಸಂತೋಷದಿಂದ ಬರಮಾಡಿಕೊಂಡೆವು. ಆದರೆ ತಿದ್ದುಪಡಿಯಾದ 10ನೆಯ ಪ್ರಕರಣದಲ್ಲಿ ಹೊಸದಾಗಿ ಸೇರಿದ ಒಂದು ಉಪವಾಕ್ಯದ ಮೇಲೆ ನಮ್ಮ ಕಣ್ಣು ನಿಲ್ಲಲಿಲ್ಲ. ಸಂಗಾತಿಯು ಎರಡು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಕಾಲ ಉಗ್ರವೂ ವಾಸಿಯಾಗದ್ದೂ ಆದ ಕುಷ್ಠದಿಂದ ನರಳುತ್ತಿದ್ದರೆ ಅದು ವಿಚ್ಛೇದನಕ್ಕೆ ಸಾಕಾದ ಕಾರಣವೆಂದು ಅದು ಹೇಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿ ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಗಳಾಗಿದ್ದವು. ವಾಸಿಯಾಗದ ಕುಷ್ಠವೆಂಬುದೇ ಇಲ್ಲದ ಕಾಲದಲ್ಲಿ, ಕುಷ್ಠಸೇವೆಯಲ್ಲಿ ಶತಮಾನಕ್ಕೂ ಮಿಕ್ಕಿದ ಹೆಸರು ಗಳಿಸಿದ ಸಮುದಾಯದ ದಾಂಪತ್ಯದ ಕಾನೂನಿಗೆ ಆ ಮಾತು ಸೇರಿತು, ನಾವು ಸುಮ್ಮನಿದ್ದೆವು.

ಇದು ಹೇಗೆ ಸಾಧ್ಯವಾಯಿತು? ಸಭೆಗೆ ಕನಿಕರವಿರಲಿಲ್ಲವೆಂದು ಯಾರೂ ಹೇಳಲಾರರು. ಆ ಕನಿಕರವು ಯಾವ ದಾರಿಯಲ್ಲಿ ನಡೆಯಿತು, ಎಲ್ಲಿ ನಿಂತಿತು ಎಂಬುದನ್ನು ಚರಿತ್ರೆಯಲ್ಲಿ ಹುಡುಕುವುದು ಈ ಲೇಖನದಲ್ಲಿ ನಮ್ಮ ಉದ್ದೇಶ. ಹುಡುಕಾಟಕ್ಕೆ ಅಳತೆಗೋಲಾಗಿ ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ಇಟ್ಟುಕೊಂಡಿದ್ದೇವೆ.

ಪ್ರಸಂಗಗಳಲ್ಲಿ ನಾವು ಹೆಚ್ಚಾಗಿ ಕೇಳುವುದು 13ನೆಯ ಅಧ್ಯಾಯವನ್ನು: ಮಚ್ಚೆಯನ್ನು ಪರೀಕ್ಷಿಸುವ ಯಾಜಕ, ಏಳು ದಿನಗಳ ಪ್ರತ್ಯೇಕವಾಸ, ಹರಿದ ಬಟ್ಟೆ, ಕೆದರಿದ ತಲೆ, ಪಾಳೆಯದ ಹೊರಗಿನ ವಾಸ. ಅಲ್ಲಿ ಬರುವ ಹೀಬ್ರೂ ಪದ ‘ತ್ಸಾರಾಅತ್’ ಬಟ್ಟೆಗೂ, ಮುಂದಿನ ಅಧ್ಯಾಯದಲ್ಲಿ ಮನೆಯ ಗೋಡೆಗೂ ಅಂಟುತ್ತದೆ. ಹ್ಯಾನ್ಸನ್ ಕಾಯಿಲೆಯ ಮುಖ್ಯ ಕುರುಹಾದ ಸ್ಪರ್ಶಜ್ಞಾನದ ನಾಶವನ್ನು ಆ ಅಧ್ಯಾಯ ಹೇಳುವುದೇ ಇಲ್ಲ. ನಮ್ಮ ಆಡುಮಾತಿನ ‘ತೊನ್ನು’ ಎಂಬ ಪದವೂ ಹೀಗೆಯೇ ನಿರಪಾಯಕಾರಿಯಾದ ಬಿಳಿ ಮಚ್ಚೆಯನ್ನೂ ಭಯದ ಕಾಯಿಲೆಯನ್ನೂ ಒಂದೇ ಬುಟ್ಟಿಗೆ ಹಾಕಿ ಎಷ್ಟೋ ಮದುವೆಗಳನ್ನು ಮುರಿದಿದೆ. ಅದಿರಲಿ. 14ನೆಯ ಅಧ್ಯಾಯದ ಮೊದಲ 32 ವಚನಗಳು ಹೊರಗಿದ್ದವನನ್ನು ಒಳಕ್ಕೆ ತರುವ ವಿಧಿಗೆ ಮೀಸಲಾಗಿವೆ. ಅಲ್ಲಿ ಪಾಳೆಯ ದಾಟಿ ಹೊರಕ್ಕೆ ಹೋಗಬೇಕಾದವನು ಯಾಜಕನೇ. ಎರಡು ಪಕ್ಷಿಗಳು, ದೇವದಾರಿನ ಕಟ್ಟಿಗೆ, ಕೆಂಪು ದಾರ, ಹಿಸ್ಸೋಪು; ಎಂಟನೆಯ ದಿನ ಬಲಗಿವಿಯ ತುದಿಗೂ ಬಲಗೈಯ ಹೆಬ್ಬೆರಳಿಗೂ ಬಲಗಾಲಿನ ಹೆಬ್ಬೆರಳಿಗೂ ಮೊದಲು ರಕ್ತ, ಅನಂತರ ಎಣ್ಣೆ. ಇದೇ ಮೂರು ಅಂಗಗಳಿಗೆ ರಕ್ತ ಹಚ್ಚುವ ವಿಧಿಯನ್ನು ನಾವು 8ನೆಯ ಅಧ್ಯಾಯದಲ್ಲಿಯೂ ಓದುತ್ತೇವೆ. ಅಲ್ಲಿ ಅದನ್ನು ಹಚ್ಚಿಸಿಕೊಂಡವರು ಯಾಜಕೋದ್ಯೋಗಕ್ಕೆ ಪ್ರತಿಷ್ಠಿತರಾದ ಆರೋನನೂ ಅವನ ಮಕ್ಕಳೂ. ಹೊರಗಿದ್ದು ಬಂದವನಿಗೆ ಧರ್ಮಶಾಸ್ತ್ರ ಕೊಟ್ಟ ಗೌರವ ಇಷ್ಟು ದೊಡ್ಡದು. ಬಡವನಾದರೆ ಕಡಿಮೆ ಖರ್ಚಿನ ಕಾಣಿಕೆ ಸಾಕೆಂಬ ವಿನಾಯಿತಿಯನ್ನೂ ಅದು ಮರೆತಿಲ್ಲ.

ಸಭೆಯ ಚರಿತ್ರೆಯ ಆರಂಭದಲ್ಲಿ ಕನಿಕರ ಧಾರಾಳವಾಗಿ ಕಾಣುತ್ತದೆ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬಾಸಿಲರು ನಗರದ ಹೊರಗೆ ಕಟ್ಟಿಸಿದ ಧರ್ಮಶಾಲೆಯಲ್ಲಿ ಕುಷ್ಠಪೀಡಿತರಿಗೆ ಸ್ಥಳವಿತ್ತು. ಅವರ ಗೆಳೆಯ ನಾಜಿಯಾಂಜಿನ ಗ್ರೆಗೊರಿಯವರು ಬಡವರ ಪ್ರೀತಿಯನ್ನು ಕುರಿತು ಮಾಡಿದ ಪ್ರಸಂಗದ ಬಹುಭಾಗ ಇವರ ಪರವಾದ ಮೊರೆಯೇ. 1179ರ ಮೂರನೆಯ ಲ್ಯಾಟರನ್ ಮಹಾಸಭೆಯು ಒಟ್ಟಾಗಿ ಬಾಳುವ ಕುಷ್ಠಪೀಡಿತರಿಗೆ ತಮ್ಮದೇ ದೇವಾಲಯ, ತಮ್ಮದೇ ಸ್ಮಶಾನ, ತಮ್ಮದೇ ಗುರು ಇರಬಹುದೆಂದು ಅನುಮತಿಸಿತು. ದಯೆಯ ನಿರ್ಣಯವೇ ಅದು; ಆದರೆ ಆರಾಧನೆಯೂ ಸಮಾಧಿಯೂ ಬೇರೆಯಾದದ್ದು ಅದರೊಳಗೇ ಅಡಗಿದೆ. ಮಧ್ಯಯುಗದ ಕೆಲವು ಪ್ರಾಂತಗಳ ಆರಾಧನಾ ಪುಸ್ತಕಗಳಲ್ಲಿ ಕುಷ್ಠಪೀಡಿತನನ್ನು ಜೀವಂತವಿರುವಾಗಲೇ ಲೋಕಕ್ಕೆ ಸತ್ತವನೆಂದು ಬೇರ್ಪಡಿಸುವ ವಿಧಿಯೂ ಉಳಿದುಬಂದಿದೆ. ಅದು ಎಷ್ಟು ವ್ಯಾಪಕವಾಗಿ ಆಚರಣೆಯಲ್ಲಿತ್ತೆಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹೊರಗಿಡುವುದಕ್ಕೆ ಒಂದು ವಿಧಿಯನ್ನು ಬರೆಯುವಷ್ಟು ಯೋಚಿಸಿದವರು ಮೋಶೆಯ ಧರ್ಮಶಾಸ್ತ್ರದಲ್ಲಿ ಅದರ ಮರುಪುಟದಲ್ಲೇ ಇದ್ದುದನ್ನು ಮುಂದಿಡಲಿಲ್ಲ ಎಂಬುದಷ್ಟೇ ನಮಗಿಲ್ಲಿ ಮುಖ್ಯ.

ಭಾರತದ ಆಧುನಿಕ ಕುಷ್ಠಸೇವೆಯ ಕಥೆಯನ್ನು ಸಾಮಾನ್ಯವಾಗಿ ಪಂಜಾಬಿನ ಅಂಬಾಲದಿಂದ ಆರಂಭಿಸುತ್ತಾರೆ. 1869ರಲ್ಲಿ ಭಾರತಕ್ಕೆ ಬಂದ ಐರ್ಲೆಂಡಿನ ತರುಣ ವೆಲ್ಲೆಸ್ಲಿ ಬೇಯ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನಲ್ಲಿ ಉಪಾಧ್ಯಾಯರಾಗಿ ಸೇರಿದರು. ಅಲ್ಲಿನ ಹಿರಿಯ ಮಿಷನರಿ ಮಾರಿಸನ್ ಅವರು ಒಂದು ದಿನ ಇವರನ್ನು ಗುಡಿಸಲುಗಳ ಸಾಲೊಂದಕ್ಕೆ ಕರೆದೊಯ್ದರು. ಆ ಸಾಲಿನಲ್ಲಿ ಕಂಡ ಮುಖಗಳು ಬೇಯ್ಲಿಯವರ ಜೀವನದ ದಿಕ್ಕನ್ನೇ ಬದಲಿಸಿದವು. 1874ರಲ್ಲಿ ಸ್ವದೇಶಕ್ಕೆ ಮರಳಿದ್ದಾಗ ಅವರೂ ಅವರ ಪತ್ನಿ ಆಲಿಸ್ ಅವರೂ ಡಬ್ಲಿನ್ ನಗರದ ಪಿಮ್ ಸಹೋದರಿಯರೊಂದಿಗೆ ಸೇರಿ ‘ಮಿಷನ್ ಟು ಲೆಪರ್ಸ್’ ಎಂಬ ಸಂಸ್ಥೆಗೆ ಅಡಿಗಲ್ಲಿಟ್ಟರು. ಆ ಸಹೋದರಿಯರು ಮೊದಲಿಗೆ ಒಪ್ಪಿಕೊಂಡಿದ್ದುದು ವರ್ಷಕ್ಕೆ 30 ಪೌಂಡು ಕೂಡಿಸಿಕೊಡುವುದನ್ನು ಮಾತ್ರ. ಈ ಸಂಸ್ಥೆ ತನ್ನದೇ ಮಿಷನ್ ಕ್ಷೇತ್ರವನ್ನು ತೆರೆಯುವುದಕ್ಕಿಂತ ಹೆಚ್ಚಾಗಿ ಬೇರೆ ಬೇರೆ ಪಂಗಡಗಳ ಮಿಷನರಿಗಳಿಗೆ ಹಣ ಒದಗಿಸಿ ಆಶ್ರಮಗಳನ್ನು ಕಟ್ಟಿಸಿತು. ಬಂಗಾಳ ಪ್ರಾಂತದ ಪುರುಲಿಯಾದಲ್ಲಿ ಜರ್ಮನಿಯ ಗೊಸ್ನರ್ ಮಿಷನ್ನಿನವರು 1888ರಲ್ಲಿ ಆರಂಭಿಸಿದ ಆಶ್ರಮವು ಇಂಥವುಗಳಲ್ಲಿ ಬಹು ದೊಡ್ಡದಾಗಿ ಬೆಳೆಯಿತು. ಪಂಗಡಗಳು ಪರಸ್ಪರ ಮುಖ ನೋಡದಿದ್ದ ಕಾಲದಲ್ಲಿ ಕುಷ್ಠಸೇವೆಯೊಂದು ಅವರನ್ನು ಒಂದೇ ಕಾರ್ಯದಲ್ಲಿ ಕೂಡಿಸಿತೆಂಬುದನ್ನು ನಮ್ಮ ಐಕ್ಯತೆಯ ಚರಿತ್ರೆಕಾರರು ಇನ್ನಷ್ಟು ಗಮನಿಸಬಹುದು.

ಆಶ್ರಮಗಳು ಕೊಟ್ಟದ್ದು ಸಣ್ಣದಲ್ಲ. ಮನೆಯಿಂದ ಅಟ್ಟಲ್ಪಟ್ಟವರಿಗೆ ಸೂರು, ಹಸಿದವರಿಗೆ ಎರಡು ಹೊತ್ತಿನ ಊಟ, ಹುಣ್ಣಿಗೆ ಪಟ್ಟಿ, ಸತ್ತಾಗ ಹೆಸರು ಹಿಡಿದು ಪ್ರಾರ್ಥಿಸಿ ಮಣ್ಣು ಮಾಡುವ ಜನ: ಇವನ್ನು ಬೇರೆ ಕಡೆ ಕಾಣುವುದು ಅಪರೂಪವಾಗಿತ್ತು. ಒಂದೂವರೆ ಶತಮಾನದ ಈಚೆಗೆ ಕುಳಿತು ಅವರನ್ನು ತೂಗುವ ನಮಗೆ ಆ ಹುಣ್ಣುಗಳನ್ನು ತೊಳೆಯುವ ಕೆಲಸವಿಲ್ಲ. ಅದನ್ನು ಮರೆಯದೆ ಮುಂದಿನ ಮಾತನ್ನು ಹೇಳಬೇಕಾಗಿದೆ.

ಆಶ್ರಮದ ಒಳಗಿನ ಕ್ರಮ ಎರಡು ಗೋಡೆಗಳ ಮೇಲೆ ನಿಂತಿತ್ತು. ಒಂದು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಸತಿ. ಗಂಡಹೆಂಡಿರಾಗಿ ಬಂದವರಿಗೂ ಸಾಮಾನ್ಯವಾಗಿ ಇದೇ ನಿಯಮ. ಇನ್ನೊಂದು, ರೋಗದ ಕುರುಹಿಲ್ಲದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಪ್ರತ್ಯೇಕ ಮನೆಗಳಲ್ಲಿ ಬೆಳೆಸುವುದು. ಇಂಗ್ಲಿಷ್ ವರದಿಗಳು ಆ ಮಕ್ಕಳನ್ನು ಕರೆದ ಹೆಸರು ‘ಕಳಂಕ ತಗಲದ ಮಕ್ಕಳು’ ಎಂದು. ಹಾಗಿದ್ದರೆ ತಾಯಿ ಏನಾದಳು? ಆಕೆಯ ಬಗ್ಗೆ ಆ ಹೆಸರು ಏನನ್ನೂ ಹೇಳದೆಯೇ ಎಲ್ಲವನ್ನೂ ಹೇಳಿಬಿಡುತ್ತದೆ. ಈ ವ್ಯವಸ್ಥೆಗೆ ಅಂದಿನ ವೈದ್ಯಶಾಸ್ತ್ರದ ಬೆಂಬಲವಿತ್ತು. 1867ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ವರದಿಯು ಕುಷ್ಠ ಅಂಟುರೋಗವಲ್ಲವೆಂದಿತು. ವಂಶದಿಂದ ಬರುತ್ತದೆಂಬ ಅಭಿಪ್ರಾಯ ಬಲವಾಗಿತ್ತು. 1873ರಲ್ಲಿ ನಾರ್ವೆಯ ಬೆರ್ಗೆನ್ನಿನಲ್ಲಿ ಆರ್ಮೌವರ್ ಹ್ಯಾನ್ಸನ್ನರು ರೋಗಾಣುವನ್ನು ಕಂಡರು. ವಂಶದಿಂದ ಬರುವುದಾದರೆ ಮಕ್ಕಳು ಹುಟ್ಟಬಾರದು, ಅಂಟುವುದಾದರೆ ಹುಟ್ಟಿದ ಮಕ್ಕಳು ಬಳಿಯಲ್ಲಿರಬಾರದು. ಸಿದ್ಧಾಂತ ಯಾವುದೇ ಗೆಲ್ಲಲಿ, ಗೋಡೆ ನಿಂತೇ ಇತ್ತು. ಸಿದ್ಧಾಂತಗಳು ಬದಲಾದರೂ ಬದಲಾಗದ ನಿಯಮದ ಬೇರು ವೈದ್ಯಶಾಸ್ತ್ರಕ್ಕಿಂತ ಆಳದಲ್ಲಿ ಎಲ್ಲೋ ಇರುತ್ತದೆಂಬುದು ನಮ್ಮ ಊಹೆ.

ಅಷ್ಟರಲ್ಲಿ ದೂರದ ಹವಾಯಿ ದ್ವೀಪಗಳಿಂದ ಒಂದು ಸಾವಿನ ಸುದ್ದಿ ಬಂತು. ಮೊಲೊಕಾಯ್ ದ್ವೀಪಕ್ಕೆ ಗಡೀಪಾರಾದ ಕುಷ್ಠಪೀಡಿತರ ನಡುವೆ 1873ರಿಂದ ಬಾಳಿದ ಬೆಲ್ಜಿಯಂ ದೇಶದ ಗುರು ದಾಮಿಯನ್ ತಾವೇ ಆ ರೋಗಕ್ಕೆ ತುತ್ತಾಗಿ 1889ರ ಏಪ್ರಿಲಿನಲ್ಲಿ ತೀರಿಕೊಂಡರು. ಅವರನ್ನು ಲೋಕ ಕೊಂಡಾಡಿತು. ಅದರೊಡನೆ ಲೋಕ ಹೆದರಿತು ಕೂಡ. ಅವರ ಸ್ಮರಣಾರ್ಥ ಇಂಗ್ಲೆಂಡಿನಲ್ಲಿ ಕೂಡಿದ ನಿಧಿಯಿಂದ 1890–91ರಲ್ಲಿ ಒಂದು ಆಯೋಗ ಭಾರತಕ್ಕೆ ಬಂತು. ಕುಷ್ಠ ವಂಶದಿಂದ ಬರುವುದಲ್ಲ, ಅಂಟುವುದೂ ತೀರ ಅಲ್ಪ, ಬಲವಂತದ ಪ್ರತ್ಯೇಕತೆಗೆ ಆಧಾರವಿಲ್ಲ ಎಂಬುದೇ ಆಯೋಗದ ನಿರ್ಣಯವಾಗಿತ್ತು. ಆದರೂ 1898ರಲ್ಲಿ ‘ಲೆಪರ್ಸ್ ಆಕ್ಟ್’ ಜಾರಿಗೆ ಬಂತು. ಅದು ಹಿಡಿದದ್ದು ಎಲ್ಲ ರೋಗಿಗಳನ್ನಲ್ಲ. ಬೀದಿಯಲ್ಲಿ ಭಿಕ್ಷೆ ಬೇಡುವ, ಜೀವನೋಪಾಯವಿಲ್ಲದೆ ಅಲೆಯುವ ರೋಗಿಗಳನ್ನು ಪೊಲೀಸರು ವಾರಂಟಿಲ್ಲದೆ ಹಿಡಿದು ಗೊತ್ತುಪಡಿಸಿದ ಆಶ್ರಮದಲ್ಲಿ ಇರಿಸಬಹುದಾಗಿತ್ತು. ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಇರಬಲ್ಲ ಅನುಕೂಲಸ್ಥನನ್ನು ಹಿಡಿದಿಡುವ ಮಾತು ಅದರಲ್ಲಿಲ್ಲ. ರೋಗಾಣು ಬಡವ ಬಲ್ಲಿದರ ಭೇದ ಎಣಿಸದು, ಕಾಯಿದೆ ಎಣಿಸಿತು. ಕರೆದರೆ ಬರುವ, ಬೇಡವೆಂದರೆ ಹೋಗುವ ಸ್ಥಳಗಳಾಗಿದ್ದ ಮಿಷನ್ ಆಶ್ರಮಗಳಲ್ಲಿ ಕೆಲವು ಈ ಕಾಯಿದೆಯ ಕೆಳಗೆ ಸರ್ಕಾರ ಗೊತ್ತುಪಡಿಸಿದ ಆಶ್ರಮಗಳೂ ಆದವು. ದಾಮಿಯನ್ನರು ತಮ್ಮವರ ಬಳಿಗೆ ಹೋದದ್ದು ಅವರೊಡನೆ ಇರುವುದಕ್ಕೆ. ಅವರ ಸಾವಿನ ನೆನಪು ಇತರರನ್ನು ದೂರ ಇರಿಸುವುದಕ್ಕೆ ಒದಗಿತು.

ನಮ್ಮ ನಾಡಿನಲ್ಲಿ ಇದೇ ವರ್ಷಗಳ ಕಥೆ ಮಂಗಳೂರಿನದು. ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. ಅವರಿಗೆ ಹೋಮಿಯೋಪಥಿ ಗೊತ್ತಿತ್ತು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. ಔಷಧಗಳನ್ನು ದೇಶದ ಮೂಲೆಮೂಲೆಗೆ ಮಾರಿ ಬಂದ ಹಣದಿಂದ ಸೇವೆಯನ್ನು ಬೆಳೆಸಿದರು. 1890ರಲ್ಲಿ ಅಲ್ಲೇ ಸಂತ ಜೋಸೆಫರ ಹೆಸರಿನ ಕುಷ್ಠಾಶ್ರಮ ಆರಂಭವಾಯಿತು. ಅವರ ಔಷಧಗಳಿಂದ ಕುಷ್ಠ ಗುಣವಾಗುತ್ತಿರಲಿಲ್ಲ. ಅಂದು ಯಾರ ಔಷಧದಿಂದಲೂ ಗುಣವಾಗುತ್ತಿರಲಿಲ್ಲ. ನಮಗೆ ಗಮನಾರ್ಹವಾಗಿ ಕಾಣುವುದು ಬೇರೊಂದು ಸಂಗತಿ: ಕುಷ್ಠಾಶ್ರಮ ಊರಾಚೆಯ ಗುಡ್ಡಕ್ಕೆ ಹೋಗಲಿಲ್ಲ. ಜ್ವರಕ್ಕೂ ಕೆಮ್ಮಿಗೂ ಮದ್ದು ಕೇಳಿ ಎಲ್ಲರೂ ಬರುವ ಔಷಧಾಲಯದ ನೆರೆಯಲ್ಲೇ ಅದು ನಿಂತಿತು, ಮುಂದೆ ಬೆಳೆದ ದೊಡ್ಡ ಆಸ್ಪತ್ರೆಯೂ ಅಲ್ಲೇ ಬೆಳೆಯಿತು. ಮುಲ್ಲರ್ 1910ರಲ್ಲಿ ತೀರಿಕೊಂಡರು. ಇಂದು ಕಂಕನಾಡಿ ನಗರದ ನಟ್ಟನಡುವೆ ಇದೆ.

ಇನ್ನೊಬ್ಬರನ್ನು ಇಲ್ಲಿ ನೆನೆಯದಿರಲಾಗದು. ಅಮೆರಿಕದ ಮೆಥೊಡಿಸ್ಟ್ ಮಿಷನರಿ ಮೇರಿ ರೀಡ್ 1890ರಲ್ಲಿ ರಜೆಯ ಮೇಲೆ ಸ್ವದೇಶದಲ್ಲಿದ್ದಾಗ ತಮಗೇ ಕುಷ್ಠ ತಗಲಿದೆಯೆಂದು ತಿಳಿದರು. ಮನೆಯವರಲ್ಲಿ ಒಬ್ಬ ತಂಗಿಗೆ ಮಾತ್ರ ತಿಳಿಸಿ ಭಾರತಕ್ಕೆ ಮರಳಿದರು. ಹಿಮಾಲಯದ ಪಿಥೋರಗಢದ ಬಳಿಯ ಚಂಡಾಗ್ ಆಶ್ರಮದ ಹೊಣೆ ಹೊತ್ತು 1943ರಲ್ಲಿ ಸಾಯುವವರೆಗೆ ಅಲ್ಲೇ ಇದ್ದರು. ಸೇವೆ ಮಾಡುವವರು, ಮಾಡಿಸಿಕೊಳ್ಳುವವರು ಎಂಬ ವಿಭಾಗವೇ ಅವರಲ್ಲಿ ಅಳಿಸಿಹೋಗಿತ್ತು. ಅವರ ಕಥೆಯನ್ನು ತ್ಯಾಗದ ಕಥೆಯಾಗಿ ನಾವು ಹೇಳುತ್ತ ಬಂದಿದ್ದೇವೆ. ಆದರೆ ಆ ಬೆಟ್ಟದ ಮೇಲಿದ್ದ ಇತರ ಹೆಂಗಸರೂ ಅದೇ ರೋಗವನ್ನು ಹೊತ್ತು ಅದೇ ಬೆಟ್ಟದಲ್ಲಿ ಸತ್ತರು. ಅವರ ಹೆಸರುಗಳು ನಮ್ಮ ಪ್ರಸಂಗಗಳಿಗೆ ಬಂದಿಲ್ಲ.

ಗೋಡೆಯಲ್ಲಿ ಮೊದಲ ದೊಡ್ಡ ಬಿರುಕು ಕಾಣಿಸಿದ್ದು ತಮಿಳುನಾಡಿನಲ್ಲಿ, ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಡ್ಯಾಪ್ಸೋನ್ ವರ್ಗದ ಔಷಧಗಳು ಬಂದು ರೋಗಾಣು ಸಾಯತೊಡಗಿತ್ತು. ಚೆಂಗಲ್ಪಟ್ಟಿನ ಲೇಡಿ ವಿಲಿಂಗ್ಡನ್ ಆಶ್ರಮದಲ್ಲಿ ಡಾಕ್ಟರ್ ರಾಬರ್ಟ್ ಕಾಕ್ರೇನ್ ಈ ಚಿಕಿತ್ಸೆಯನ್ನು ನಡೆಸುತ್ತಿದ್ದರು. ಕೊಲ್ಲಿಮಲೆಯ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಪಾಲ್ ಬ್ರಾಂಡ್ ಅಲ್ಲಿಗೆ ಹೋದಾಗ, ಬೆರಳುಗಳು ಒಳಮಡಿಚಿಕೊಂಡಿದ್ದ ಒಬ್ಬ ರೋಗಿಗೆ ತಮ್ಮ ಕೈಯನ್ನು ಹಿಚುಕಲು ಹೇಳಿದರು. ನಿರ್ಜೀವವೆಂದು ಎಣಿಸಿದ್ದ ಆ ಕೈಯ ಹಿಡಿತ ಅವರಿಗೇ ನೋವಾಗುವಷ್ಟು ಬಲವಾಗಿತ್ತು. ಹಾಗಾದರೆ ಸ್ನಾಯುಗಳೆಲ್ಲ ಸತ್ತಿಲ್ಲ. ಒಳ್ಳೆಯ ಸ್ನಾಯುವಿನ ಕಂಡರವನ್ನು ಕೆಟ್ಟ ಸ್ನಾಯುವಿನ ಕೆಲಸಕ್ಕೆ ತಿರುಗಿಸಬಹುದು. ಕೈಗಳನ್ನು ನೇರಮಾಡುವ ಶಸ್ತ್ರಚಿಕಿತ್ಸೆ ಹೀಗೆ ಹುಟ್ಟಿತು. ಆದರೆ ಆಸ್ಪತ್ರೆಯ ಸಾಮಾನ್ಯ ವಾರ್ಡುಗಳು ಇವರಿಗೆ ಸುಲಭವಾಗಿ ತೆರೆಯಲಿಲ್ಲ. ಇತರ ರೋಗಿಗಳು ಓಡಿಹೋದಾರೆಂಬ ಭಯ ಕ್ರೈಸ್ತ ಆಸ್ಪತ್ರೆಗೂ ಇತ್ತು.

ಬೆರಳುಗಳು ಏಕೆ ಮೊಟಕಾಗುತ್ತವೆ ಎಂಬ ಪ್ರಶ್ನೆಗೆ ಉತ್ತರ ದೊರೆತ ಬಗೆ ಇನ್ನೂ ಸ್ವಾರಸ್ಯವಾದದ್ದು. ಮಾಂಸವೇ ಕೊಳೆತು ಉದುರುತ್ತದೆಂಬುದು ಲೋಕದ ನಂಬಿಕೆ. ಬ್ರಾಂಡ್ ಮತ್ತು ಅವರ ಸಂಗಡಿಗರು ಕಂಡದ್ದು: ರೋಗ ನರಗಳನ್ನು ಕೆಡಿಸುತ್ತದೆ, ನೋವು ತಿಳಿಯದಾಗುತ್ತದೆ, ನೋವು ತಿಳಿಯದ ಕೈ ಬಿಸಿ ಪಾತ್ರೆಯನ್ನು ಹಿಡಿಯುತ್ತದೆ, ತುಕ್ಕುಹಿಡಿದ ಬೀಗದಲ್ಲಿ ಕೀಲಿಯನ್ನು ಎಲುಬು ಕಾಣುವವರೆಗೆ ತಿರುಗಿಸುತ್ತದೆ. ರಾತ್ರಿ ಮಲಗುವಾಗ ಇದ್ದ ಬೆರಳ ತುದಿ ಬೆಳಿಗ್ಗೆ ಕಾಣದೆ ಹೋದದ್ದಕ್ಕೆ ಮಾತ್ರ ಕಾರಣ ತಿಳಿದಿರಲಿಲ್ಲ. ರೋಗಿಗಳೇ ಎಚ್ಚರವಿದ್ದು ಕಾದು ನೋಡಿದರು. ಇಲಿ ಬಂದು ಕಡಿಯುತ್ತಿತ್ತು. ಮಲಗಿದ್ದವನಿಗೆ ಎಚ್ಚರವೂ ಆಗುತ್ತಿರಲಿಲ್ಲ. ಅನಂತರ ಅಲ್ಲಿ ಬೆಕ್ಕುಗಳನ್ನು ಸಾಕಲಾಯಿತು. ಶತಮಾನಗಳ ಕಾಲ ದೇವರ ಶಾಪವೆಂದು ಹೇಳಿದ್ದರಲ್ಲಿ ಒಂದು ಪಾಲು ಇಲಿಯ ಕೆಲಸವೆಂದು ಕಂಡುಹಿಡಿದವರು ಆ ಶಾಪವನ್ನು ಹೊತ್ತಿದ್ದವರೇ.

ಕೈ ನೇರವಾದವರು ಊರಿಗೆ ಹೋದರು. ಕೆಲವರು ಮರಳಿ ಬಂದು ದೂರಿದರು: ಈ ಕೈ ಭಿಕ್ಷೆಗೆ ಒದಗುವುದಿಲ್ಲ. ಮಡಿಚಿದ ಬೆರಳಿಗೆ ಬೀಳುತ್ತಿದ್ದ ಕಾಸು ನೇರವಾದ ಬೆರಳಿಗೆ ಬೀಳದು. ಮುಖದ ಕಲೆ ಉಳಿದಿದ್ದರಿಂದ ಕೆಲಸ ಕೊಡುವವರೂ ಇಲ್ಲ, ಬಾಡಿಗೆಗೆ ಮನೆ ಕೊಡುವವರೂ ಇಲ್ಲ. ಇಡೀ ಚರಿತ್ರೆಯಲ್ಲಿ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ ಸ್ಥಳ ಇದು. ಗುಣವಾಗಿತ್ತು, ಶುದ್ಧವಾಗಿರಲಿಲ್ಲ. ಸುವಾರ್ತೆಗಳು ಕುಷ್ಠಪೀಡಿತರ ವಿಷಯದಲ್ಲಿ ‘ವಾಸಿಯಾದನು’ ಎಂಬುದಕ್ಕಿಂತ ‘ಶುದ್ಧನಾದನು’ ಎಂಬ ಮಾತನ್ನೇ ಹೆಚ್ಚಾಗಿ ಬಳಸುವುದೇಕೆ, ಯೇಸುಸ್ವಾಮಿಯು ಅವನನ್ನು ಯಾಜಕನ ಬಳಿಗೆ ಕಳುಹಿಸಿದ್ದೇಕೆ ಎಂಬುದು ಈ ದೂರಿನಿಂದ ಅರ್ಥವಾಗುತ್ತದೆ. ಚರ್ಮವನ್ನು ಸ್ವಾಮಿಯೇ ನೋಡಿಕೊಂಡರು. ಮನೆಯ ಬಾಗಿಲು ತೆರೆಸುವ ಕೆಲಸ 14ನೆಯ ಅಧ್ಯಾಯದ ಯಾಜಕನದು. ಬ್ರಾಂಡ್ 1951ರಲ್ಲಿ ಕಾಲೇಜಿನ ಆವರಣದಲ್ಲೇ ಮಣ್ಣಿನ ಗುಡಿಸಲುಗಳ ‘ನವಜೀವನ ನಿಲಯಂ’ ಆರಂಭಿಸಿ ಬಡಗಿ ಕೆಲಸವನ್ನು ಕಲಿಸತೊಡಗಿದ್ದು ಈ ದೂರಿಗೆ ಉತ್ತರವಾಗಿ. 1955ರಲ್ಲಿ ಕರಿಗಿರಿಯಲ್ಲಿ ಸಂಶೋಧನಾ ಆಸ್ಪತ್ರೆ ತಲೆಯೆತ್ತಿತು. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ತರುಣ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತು ಇಂಥ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ವೆಲ್ಲೂರಿನಲ್ಲಿ ಪುನರ್ವಸತಿ ವೈದ್ಯಕ್ಕೆ ಬುನಾದಿ ಹಾಕಿದವರೂ ಅವರೇ.

ಮಾತುಗಳೂ ನಿಧಾನವಾಗಿ ಬದಲಾದವು. 1948ರಲ್ಲಿ ಹವಾನಾದ ಅಂತರರಾಷ್ಟ್ರೀಯ ಸಮ್ಮೇಳನ ‘ಲೆಪರ್’ ಎಂಬ ಪದವನ್ನು ಬಿಡಬೇಕೆಂದಿತು. ಬೇಯ್ಲಿಯವರ ಸಂಸ್ಥೆ 1965ರಲ್ಲಿ ‘ಲೆಪ್ರಸಿ ಮಿಷನ್’ ಆಯಿತು. ನಮ್ಮ ಪ್ರಸಂಗವೇದಿಕೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ‘ಪಾಪವೆಂಬ ಕುಷ್ಠ’ ಎಂಬ ರೂಪಕವನ್ನು ನಾವೂ ಹಿಂದೆ ಬಳಸಿದ್ದೇವೆ. ಆ ರೂಪಕ ಕೇಳುವ ಪೀಠಗಳಲ್ಲಿ ಔಷಧ ಮುಗಿಸಿ ಬಂದವರೊಬ್ಬರು ಕುಳಿತಿರಬಹುದೆಂಬ ಯೋಚನೆ ಅಂದು ನಮಗೆ ಬಂದಿರಲಿಲ್ಲ. ಅವರ ಸ್ಥಳ ಆಶ್ರಮದ ಪ್ರಾರ್ಥನಾಲಯವೆಂದು ನಾವು ಮನಸ್ಸಿನಲ್ಲೇ ಗೊತ್ತುಮಾಡಿಬಿಟ್ಟಿದ್ದೆವು. 2001ರ ಆ ಉಪವಾಕ್ಯ ನಮ್ಮ ಕಣ್ಣಿಗೆ ಬೀಳದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕನಿಕರವನ್ನು ಒಂದು ಸ್ಥಳಕ್ಕೆ ಒಪ್ಪಿಸಿದ್ದೆವು; ದಾಂಪತ್ಯ, ಮನೆ, ಸಭೆಯ ಪೀಠ ಆ ಸ್ಥಳದ ಹೊರಗಿದ್ದವು.

2005ರ ಕೊನೆಯಲ್ಲಿ ಭಾರತವು ಕುಷ್ಠವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿವಾರಿಸಿದ್ದೇವೆಂದು ಸಾರಿತು. 10,000 ಜನರಲ್ಲಿ ಒಬ್ಬನಿಗಿಂತ ಕಡಿಮೆ ಎಂಬುದು ಅದರ ಅರ್ಥ, ರೋಗವಿಲ್ಲವೆಂದಲ್ಲ. ಅನಂತರವೂ ವರ್ಷವರ್ಷವೂ ಸುಮಾರು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಭೇದ ಮಾಡುವ ಕಾನೂನುಗಳನ್ನು ತೆಗೆಯಬೇಕೆಂದು ಕಾನೂನು ಆಯೋಗವು 2015ರ ತನ್ನ 256ನೆಯ ವರದಿಯಲ್ಲಿ ಕೇಳಿತು. 1898ರ ಕಾಯಿದೆ 2016ರಲ್ಲಿ ರದ್ದಾಯಿತು. 2019ರಲ್ಲಿ ವೈಯಕ್ತಿಕ ಕಾನೂನುಗಳ ತಿದ್ದುಪಡಿಯು ಕ್ರೈಸ್ತರ ವಿಚ್ಛೇದನ ಕಾಯಿದೆಯಿಂದಲೂ ಇತರ ನಾಲ್ಕು ಕಾಯಿದೆಗಳಿಂದಲೂ ಕುಷ್ಠದ ಕಾರಣವನ್ನು ತೆಗೆದುಹಾಕಿತು. ನಮ್ಮ ಆರಾಧನಾಕ್ರಮದ ಪುಸ್ತಕದಲ್ಲಿ ರೋಗಿಗಳಿಗಾಗಿ ಪ್ರಾರ್ಥನೆಗಳುಂಟು, ಆಸ್ಪತ್ರೆಯ ಪ್ರತಿಷ್ಠೆಗೂ ಕ್ರಮ ದೊರೆತೀತು. ದೂರವಿದ್ದು ಮರಳಿದವರನ್ನು ಹೆಸರು ಹಿಡಿದು ಸಭೆಯೊಳಗೆ ಕರೆದುಕೊಳ್ಳುವ ಕ್ರಮ ಇನ್ನೂ ಇಲ್ಲ.

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಸಹಕಾರದೊಡನೆ ಕಥೋಲಿಕ ಸಭೆಯವರು ಕುಷ್ಠಪೀಡಿತರ ಪುನರ್ವಸತಿಗಾಗಿ ಒಂದು ಕೇಂದ್ರವನ್ನು ಆರಂಭಿಸಿದರು. ಚಿಕಿತ್ಸೆಯ ಜೊತೆಗೆ ಕಸುಬಿನ ತರಬೇತಿ ಕೊಟ್ಟು ಅವರನ್ನು ಹೊರಲೋಕಕ್ಕೆ ಕಳುಹಿಸುವುದು ಅದರ ಗುರಿ. ಅದಕ್ಕೆ ಇಟ್ಟ ಹೆಸರು ಸುಮನಹಳ್ಳಿ. ನಗರ ಬೆಳೆದು ಅದನ್ನು ಸುತ್ತುವರಿಯಿತು. ವರ್ತುಲ ರಸ್ತೆಯ ಮೇಲ್ಸೇತುವೆಗೂ ಬಸ್ ನಿಲ್ದಾಣಕ್ಕೂ ಇಂದು ಅದೇ ಹೆಸರು. ದಿನವೂ ಸಾವಿರಾರು ಜನ ಕಂಡಕ್ಟರನ ಬಳಿ ಸುಮನಹಳ್ಳಿಗೆ ಟಿಕೆಟು ಕೇಳುತ್ತಾರೆ.